ಶ್ರೀರಾಮಪ್ಪನ ಅರ್ಧ ಗಂಟೆ

ಶ್ರೀನಿವಾಸಪುರ
12-8-2009

ಗ್ರಂಥಪಾಲಕಿ ವೇದಾವತಿ ಮೇಡಂ ಅವರಿಗೆ, ಸಿಕ್ಕಿಬಿದ್ದ ಓದುಗನ ನಮಸ್ಕಾರಗಳು.

ಗೆಳೆಯ ಶ್ರೀರಾಮಪ್ಪ ತೀರಿಕೊಂಡ ಮೇಲೂ ಎರಡು ತಿಂಗಳಿಂದ ಕಂಪ್ಯೂಟರ್ ರಿಜಿಸ್ಟರಿನಲ್ಲಿ ಅವನ ಸಹಿ ಹಾಕುತ್ತಿರುವವನು ನಾನೇ. ಸತ್ತವನೂ ತಪ್ಪದೆ ಬರುವ ಗ್ರಂಥಾಲಯ ಎಂದು ನೀವು ಹೆಮ್ಮೆಪಡಬಹುದಿತ್ತು, ಕೋಪಿಸಿಕೊಂಡಿರಿ.

ವಿಡಿಯೊ ಹಾಕುವುದನ್ನು ನಮ್ಮಿಬ್ಬರಿಗೂ ಕಲಿಸಿದವರು ನೀವೇ. ಅವನು ಮಾವಿನ ಕಸಿ ಕಟ್ಟಿದ, ನಾನು ಮೊಬೈಲಿನಲ್ಲಿ ಹಿಡಿದೆ, ಇಬ್ಬರೂ ಸೇರಿ ಇಂಟರ್ನೆಟ್ಟಿಗೆ ಏರಿಸಿದೆವು. ನಲವತ್ತೊಂದು ಸಲ ನೋಡಿದ್ದಾರೆ ಎಂದು ಅಲ್ಲಿ ತೋರಿಸುತ್ತದೆ. ಅಷ್ಟು ಸಲವೂ ನೋಡಿದವರು ನಾವೇ.

ಒಬ್ಬರಿಗೆ ಅರ್ಧ ಗಂಟೆ ಎಂಬುದು ನಿಯಮ. ಆದರೆ ಆ ಮೂರು ನಿಮಿಷದ ವಿಡಿಯೊ ತೆರೆದುಕೊಳ್ಳುವುದಕ್ಕೇ ಅರ್ಧ ಗಂಟೆ ಬೇಕು. ಹಾಗಾಗಿ ನನ್ನ ಸರದಿಯಲ್ಲಿ ಕಾಯುತ್ತಿದ್ದೆವು, ಅವನ ಸರದಿಯಲ್ಲಿ ನೋಡುತ್ತಿದ್ದೆವು. ವಿಡಿಯೊದ ಕೊನೆಯಲ್ಲಿ ಅವನು ನನ್ನತ್ತ ತಿರುಗಿ, "ಒರೇಯ್ ಸಂಕರ್ಷಣ, ಕೈ ಅಲ್ಲಾಡಿಸ್ಬೇಡ ಕಣೋ, ನಾನು ಕಾಣಿಸೋದೇ ಇಲ್ಲ" ಎಂದು ಬೈಯುತ್ತಾನೆ.

ಬೇಕಿದ್ದರೆ ನನಗೆ ಪೇಪರ್ ಕೊಡುವುದನ್ನೇ ನಿಲ್ಲಿಸಿ. ರಿಜಿಸ್ಟರಿನಲ್ಲಿ ಅವನ ಹೆಸರನ್ನು ಮಾತ್ರ ಹೊಡೆದುಹಾಕಬೇಡಿ ಮೇಡಂ. ಬರೀ ನನ್ನ ಅರ್ಧ ಗಂಟೆಯಲ್ಲಿ ಅವನು ಬಂದು ತಲುಪುವುದಿಲ್ಲ.

ಈ ಸಹಿ ನನ್ನದೇ,
ಸಂಕರ್ಷಣ