ಹಿಂದಿನ ಸೀಟು ಮಡಚಿದ ಕಾರು

ಯುರ್ಯನ್,

ನಿನ್ನನ್ನು ಮಣ್ಣು ಮಾಡಿ ಏಳು ತಿಂಗಳಾಯಿತು. ಇವತ್ತು ಕಾರು ನೋಡಲು ಊತ್ರೆಕ್ಟ್ ಪೇಟೆಗೆ ಹೋಗಿದ್ದೆ. ಪೋರ್ಚುಗಲ್‌ವರೆಗೆ ಓಡಿಸೋಕೆ ಯಾವುದು ಸರಿ ಅಂತ ಕೇಳಿದೆ.

"ಒಬ್ಬರೇನಾ? ಚಿಕ್ಕದು ಸಾಕು ಬಿಡಿ," ಅಂದ ಅಂಗಡಿಯವನು.

ಮೈ ಉರಿಯಿತು. ಉದ್ದನೆಯ ಹಳೇ ಕಾರೊಂದರ ಹಿಂದಿನ ಸೀಟು ಮಡಚಿಸಿ, ಕಾರು ನೋಡಲು ಹೋದಾಗಲೆಲ್ಲ ನೀನು ಮಾಡುತ್ತಿದ್ದ ಹಾಗೆ ಶೂ ಬಿಚ್ಚಿ ಒಳಗೆ ಮಲಗಿದೆ. ದಾರಿ ಊಟಕ್ಕೆ ಆಲೂಗಡ್ಡೆ ಚೀಲ ಹೇರಿಕೊಂಡು ಪೋರ್ಚುಗಲ್‌ಗೆ ಹೋಗೋಣ, ಕಾರಲ್ಲೇ ಮಲಗೋಣ ಅಂತ ಮದುವೆಯಾದಾಗಿನಿಂದ ನೀನು ಪ್ರತಿ ಬೇಸಿಗೆಯಲ್ಲೂ ಗೋಗರೆಯುತ್ತಿದ್ದೆ. "ಕಾರಲ್ಲಿ ಮಲಗೋಕೆ ನಾನೇನು ನಾಯಿನಾ?" ಅಂತಿದ್ದವಳು ನಾನೇ.

ಬಲಗಡೆ ನಿನಗೆ ಜಾಗ ಬಿಟ್ಟು, ಎಡಕ್ಕೆ ಒತ್ತಿಕೊಂಡು ಮಲಗಿದ್ದೆ. ಏಳಲು ಆಗಲೇ ಇಲ್ಲ. ಅವನು ಗಾಜು ತಟ್ಟಿದಾಗ, "ಇನ್ನೈದು ನಿಮಿಷ, ದಮ್ಮಯ್ಯ, ಬಾಗಿಲು ತೆಗೀಬೇಡಪ್ಪಾ," ಅಂದೆ.

"ಯಾಕಮ್ಮಾ, ಉದ್ದ ಸಾಲ್ತಿಲ್ವಾ?"

"ಉದ್ದ ಸರಿಯಾಗಿದೆ. ಅಗಲಾನೇ ಜಾಸ್ತಿ ಆಯ್ತು."