ಪಾಯಿಂಟ್ ಆದಮೇಲಿನ ಸಮುದ್ರ

ಕರಾವಳಿ ನೀರಿನ ಗುಣಮಟ್ಟ ಪ್ರಾಧಿಕಾರದ ಮುಖ್ಯಸ್ಥರಾದ ಮಾನ್ಯರೇ,

ನಮ್ಮ ಕೊಲ್ಲಿಯ ನೀರು ಹುಳಿಯಾಗುತ್ತಿದೆ. ಅದನ್ನು ಅಳೆದವಳು ನಾನು, ಹಾಗೇನೂ ಇಲ್ಲವೆಂದು ಪ್ರಕಟಿಸಿದವರು ತಾವು, ಶಿಕ್ಷೆ ಅನುಭವಿಸುತ್ತಿರುವವಳು ನನ್ನ ಅಕ್ಕ. ಈ ಕೆಲಸ ಹಂಚಿಕೆ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಇದರ ಹಿಂದೆ ಒಂದು ಉಪಸಮಿತಿಯಾದರೂ ಇರಬೇಕೆಂದು ನನ್ನ ಗುಮಾನಿ.

ನಾನು ಸಾಗರ ವಿಜ್ಞಾನಿ. ತಮ್ಮ ಪ್ರಾಧಿಕಾರದ ಜೊತೆಗಿನ ಒಪ್ಪಂದದಂತೆ ದಿನಾ ಬೆಳಗ್ಗೆ ಕೊಲ್ಲಿಯ ನೀರು ತಂದು, ಅದರ ಪಿಎಚ್ ಅಳೆದು ತಮಗೆ ಕಳಿಸುವುದು ನನ್ನ ಕೆಲಸ. ಪಿಎಚ್ ಎಂದರೆ ನೀರಿನ ಹುಳಿ ಎಷ್ಟೆಂದು ಹೇಳುವ ಅಂಕಿ. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ. ನಾವು ಬಿಟ್ಟ ಹೊಗೆಯನ್ನೆಲ್ಲ ಕುಡಿದು ಕುಡಿದು ಸಮುದ್ರ ಸೋಡಾ ನೀರಿನ ದಾರಿ ಹಿಡಿದಿದೆ, ಊರಿನ ಚರಂಡಿಗಳೂ ತಮ್ಮ ಪಾಲಿನ ಕಾಣಿಕೆ ಸಲ್ಲಿಸುತ್ತಿವೆ. ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ, ಹೊರಚೆಲ್ಲುವ ತನಕ ನೀರು ತುಂಬುತ್ತೇವೆ. ಒಳಗಿನ ಸೂಕ್ಷ್ಮಜೀವಿಗಳು ಅಂಕಿಯನ್ನು ಕೆಡಿಸದಿರಲೆಂದು ಒಂದು ಹನಿ ವಿಷ ಹಾಕುತ್ತೇವೆ. ಮುಚ್ಚಳ ತೆಗೆಯುವಾಗ ನಮ್ಮ ಉಸಿರು ತಾಗಿದರೂ ಲೆಕ್ಕ ತಪ್ಪೀತೆಂದು ಮುಖವನ್ನು ಆಚೆ ತಿರುಗಿಸಿಕೊಳ್ಳುತ್ತೇವೆ. ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೆ ನಾವೆಲ್ಲ ಬಾಟಲಿಗಳ ಮೇಲೆ ಮುನಿಸಿಕೊಂಡಂತೆ ಕಾಣುತ್ತದೆ. ಇಷ್ಟೆಲ್ಲ ಸರ್ಕಸ್ಸು ಅಂಕಿಯಲ್ಲಿ ದಶಮಾಂಶದ ಆಚೆಗಿನ ಭಾಗ ಸರಿಯಾಗಿ ಬರಲೆಂದು.

ತಾವು ಅದನ್ನೇ ಕತ್ತರಿಸಿ ಹಾಕಿದಿರಿ. 'ಸಾರ್ವಜನಿಕರಿಗೆ ಗೊಂದಲವಾಗದಂತೆ ಎಲ್ಲ ಅಂಕಿಗಳನ್ನೂ ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸತಕ್ಕದ್ದು' ಎಂಬ ಸುತ್ತೋಲೆ ಹೊರಟಿತು. ನಾನು ಕೆಲಸಕ್ಕೆ ಸೇರಿದಾಗ ಕೊಲ್ಲಿಯ ಪಿಎಚ್ 8.1 ಇತ್ತು. ಈಗ ಬೆಳಗಿನ ಹೊತ್ತು 7.8. ಪೂರ್ಣಾಂಕ ಮಾಡಿದರೆ ಅಂದೂ ಎಂಟು, ಇಂದೂ ಎಂಟು. ಆದರೆ ಈ ಅಳತೆಯಲ್ಲಿ ಒಂದು ಪೂರ್ತಿ ಅಂಕ ಇಳಿದರೆ ಹುಳಿ ಹತ್ತು ಪಟ್ಟಾಗುತ್ತದೆ. ಹಾಗಾಗಿ ಈ ಚಿಕ್ಕ ಇಳಿತದಲ್ಲೇ ಅದು ಎರಡು ಪಟ್ಟಾಗಿದೆ. ತಮಗಿದು ಕ್ಷುಲ್ಲಕವೆನಿಸಿದರೆ ತಮ್ಮ ವೈದ್ಯರನ್ನೇ ಕೇಳಿ. ಆರೋಗ್ಯವಂತರ ರಕ್ತದ ಪಿಎಚ್ 7.4. ಅದು 7.1ಕ್ಕೆ ಇಳಿದರೆ ತೀವ್ರ ನಿಗಾ ಘಟಕಕ್ಕೆ ಒಯ್ಯುತ್ತಾರೆ. ತಮ್ಮ ಸುತ್ತೋಲೆಯ ಪ್ರಕಾರ ಎರಡೂ ಏಳೇ. ಅಂಥ ದಿನ ತಮಗೆ ಬರುವುದು ಬೇಡ. ಅಕಸ್ಮಾತ್ ಬಂದರೆ, 'ಮೊದಲೂ ಏಳು, ಈಗಲೂ ಏಳು, ಮನೆಗೆ ಹೊರಡಿ' ಎನ್ನುವ ವೈದ್ಯರು ತಮಗೆ ಸಿಗದಿರಲಿ.

ಇನ್ನು ನನ್ನ ಅಕ್ಕ. ಕೊಲ್ಲಿಯ ಬಾಯಲ್ಲಿ ಅವಳದೊಂದು ಸಿಂಪಿ ಮರಿ ಕೇಂದ್ರವಿದೆ. ತೊಟ್ಟಿಗಳಲ್ಲಿ ಮರಿ ಮಾಡಿಸಿ ಸಾಕುವವರಿಗೆ ಕೊಡುತ್ತಾಳೆ. ಸಿಂಪಿ ಮರಿಗಳು ಹುಟ್ಟಿದ ಹೊಸದರಲ್ಲೇ ಚಿಪ್ಪು ಕಟ್ಟಿಕೊಳ್ಳಬೇಕು. ನೀರು ಹುಳಿಯಾದರೆ ಕಟ್ಟಿಕೊಳ್ಳಲಾರದೆ ಸಾಯುತ್ತವೆ. ಬಿಸಿಲೇರಿದ ಮೇಲೆ ನೀರೊಳಗಿನ ಸಸ್ಯಗಳು ಕೆಲಸಕ್ಕೆ ಹತ್ತುತ್ತವೆ, ಹುಳಿ ತಗ್ಗುತ್ತದೆ. ಅಂದರೆ ಬೆಳಗ್ಗೆ ಕೊಲ್ಲಿಯಿಂದ ತೊಟ್ಟಿಗೆ ಎಳೆದ ನೀರಿನಲ್ಲಿ ಸಾಯುವ ಮರಿ ಮಧ್ಯಾಹ್ನ ಎಳೆದ ನೀರಿನಲ್ಲಿ ಬದುಕೀತು. ಅಕ್ಕ ಬೆಳಗ್ಗೆ ಎದ್ದು, ಜೆಟ್ಟಿಯಲ್ಲಿ ತಾವು ನಿಲ್ಲಿಸಿರುವ ಬೋರ್ಡು ನೋಡಿ, ಎಂಟು ಎಂದಿರುವುದನ್ನು ಕಂಡು ನೆಮ್ಮದಿಯಿಂದ ಪಂಪು ಹಾಕುತ್ತಿದ್ದಳು. ಪೂರ್ತಿ ಅಂಕಿಯನ್ನು ನಾನು ಯಾರಿಗೂ ಹೇಳುವಂತಿಲ್ಲ. ಒಪ್ಪಂದದ ಗೋಪ್ಯತೆಯ ಷರತ್ತು ಒಡಹುಟ್ಟಿದವರಿಗೂ ರಿಯಾಯಿತಿ ಕೊಟ್ಟಿಲ್ಲ. ಸುತ್ತೋಲೆಯ ಬಗ್ಗೆ ಆಗಲೇ ತಕರಾರು ಬರೆದಿದ್ದೆ. ಉತ್ತರವಾಗಿ ಬಹಳ ಸ್ಫುಟವಾದ ಸ್ವೀಕೃತಿ ಮುದ್ರೆಯೊಂದು ದೊರೆಯಿತು.

ಒಂದರ ಹಿಂದೊಂದು ತೊಟ್ಟಿಯ ಮರಿಗಳು ಸತ್ತವು. ತಮ್ಮ ತಪಾಸಣಾಧಿಕಾರಿ ಬಂದು ನೋಟೀಸು ಕೊಟ್ಟು ಹೋದರು: ನೀರು ಉತ್ತಮವಾಗಿದೆ, ಸಾವಿಗೆ ನಿರ್ವಹಣೆಯ ನಿರ್ಲಕ್ಷ್ಯವೇ ಕಾರಣ, ಪರವಾನಗಿಯನ್ನು ಏಕೆ ರದ್ದುಪಡಿಸಬಾರದು? ಪುರಾವೆಯಾಗಿ ಲಗತ್ತಿಸಿದ್ದು ನನ್ನ ಹೆಸರಿರುವ ವರದಿ. ಅಕ್ಕ ಫೋನ್ ಮಾಡಿದಳು.

"ಕೆಳಗೆ ನಿನ್ನ ಹೆಸರೇ ಇದೆ ಕಣೇ."

"ನಾನು ಎಂಟು ಅಂತ ಬರೆದಿಲ್ಲಕ್ಕ. ಅವರು ಮಾಡ್ಕೊಂಡಿದ್ದು."

"ತೊಟ್ಟಿ ಉಜ್ಜಿ ಉಜ್ಜಿ ಕೈಚರ್ಮ ಕಿತ್ತುಹೋಗಿದೆ. ನನ್ನಿಂದಲೇ ಸಾಯ್ತಿವೆ ಅಂದ್ಕೊಂಡಿದ್ದೆ. ನೀರು ಸರಿಯಿಲ್ಲ ಅಂತ ನಿಂಗೆ ಗೊತ್ತಿತ್ತಾ?"

"ನೀರಿಂದು ಗೊತ್ತಿತ್ತು. ನೀನು ಆ ಬೋರ್ಡ್ ನೋಡ್ಕೊಂಡು ಪಂಪ್ ಹಾಕ್ತೀಯ ಅಂತ ಗೊತ್ತಿರ್ಲಿಲ್ಲ."

"ಮತ್ತೆ ಬೋರ್ಡ್ ಹಾಕಿರೋದು ಯಾಕೆ?"

ಅಷ್ಟು ಕೇಳಿ ಫೋನ್ ಇಟ್ಟಳು. ನನಗೆ ಅಳು ಬಂತು. ಬೋರ್ಡು ತಮ್ಮದಾದ ಕಾರಣ ಅವಳ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ.

ಆಮೇಲೆ ತಮ್ಮ ಕೋಣೆಗೂ ಬಂದೆ. ನೆನಪಿರಬಹುದು, ಆಗ ತಾವು ಎಸಿಯ ವಿಷಯದಲ್ಲಿ ಜವಾನನ ಜೊತೆ ಗಹನವಾದ ಚರ್ಚೆಯಲ್ಲಿದ್ದಿರಿ. "ಇಪ್ಪತ್ನಾಲ್ಕಕ್ಕೆ ಚಳಿ ಆಗುತ್ತೆ, ಇಪ್ಪತ್ತೈದಕ್ಕೆ ಸೆಕೆ. ಇಪ್ಪತ್ನಾಲ್ಕೂವರೆಗೆ ಇಡಪ್ಪ" ಎಂದಿರಿ. ನನ್ನಲ್ಲಿ ಆಸೆ ಚಿಗುರಿತು. ಅರ್ಧ ಡಿಗ್ರಿಯ ಬೆಲೆ ತಿಳಿದವರು ಸಿಕ್ಕರಲ್ಲ ಎಂದುಕೊಂಡು ಎಲ್ಲವನ್ನೂ ವಿವರಿಸಿದೆ. ತಾವು ತಾಳ್ಮೆಯಿಂದ ಕೇಳಿ, "ಸಮುದ್ರ ಅಷ್ಟು ದೊಡ್ಡದಿದೆ ಮೇಡಂ. ಪಾಯಿಂಟ್ ಆದ್ಮೇಲೆ ಬರೋದಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ ಆಫೀಸು ನಡೆಯುತ್ತಾ?" ಎಂದಿರಿ. ತಮ್ಮ ಚರ್ಮಕ್ಕಿರುವ ದಶಮಾಂಶದ ಸೌಲಭ್ಯ ಸಿಂಪಿಗೆ ಯಾಕಿಲ್ಲವೆಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ತಮಗೆ ಮೀಟಿಂಗು ಬಂತು.

ಅಂದಿನ ನನ್ನ ವಿವರಣೆಗೆ ಲಿಖಿತ ಉತ್ತರ ಕಳೆದ ವಾರ ಕೈಸೇರಿತು. ವರದಿಯ ಲೇಖಕಿಯು ಪರವಾನಗಿದಾರರ ಸಹೋದರಿಯಾಗಿರುವುದರಿಂದ ಅವರು ನೀಡಿದ ದಶಮಾಂಶಗಳಲ್ಲಿ ಪಕ್ಷಪಾತದ ಸಾಧ್ಯತೆಯಿದ್ದು, ಪೂರ್ಣಾಂಕವನ್ನು ಮಾತ್ರ ಅಂಗೀಕರಿಸಲಾಗಿದೆಯಂತೆ. ಅಂದರೆ ಚುಕ್ಕಿಯ ಎಡಕ್ಕೆ ನಾನು ವಿಜ್ಞಾನಿ, ಬಲಕ್ಕೆ ಬರೀ ತಂಗಿ. ಒಂದೇ ಬಾಟಲಿಯ ನೀರಿನಲ್ಲಿ ಪ್ರಾಮಾಣಿಕತೆಯನ್ನೂ ವಂಚನೆಯನ್ನೂ ಬೇರ್ಪಡಿಸಿ ತೋರಿಸುವ ಇಂಥ ಉಪಕರಣ ನಮ್ಮ ಪ್ರಯೋಗಾಲಯದಲ್ಲಿಲ್ಲ. ಟೆಂಡರ್ ಕರೆಯುವುದಿದ್ದರೆ ದಯವಿಟ್ಟು ತಿಳಿಸಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಅಕ್ಕನಿಗೆ ಕೊಟ್ಟ ನೋಟೀಸನ್ನು ಹಿಂದಕ್ಕೆ ಪಡೆಯಿರಿ. ಜೆಟ್ಟಿಯ ಬೋರ್ಡಿನಲ್ಲಿ ಅಂಕಿಯನ್ನು ಇಡಿಯಾಗಿ ಬರೆಸಿ. ಜಾಗ ಸಾಲದಿದ್ದರೆ ತಮ್ಮ ಭಾವಚಿತ್ರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರಾಯಿತು.

ಕೊನೆಯದಾಗಿ ಒಂದು ದೂರು ಕೊಡುವುದಿದೆ, ನನ್ನ ಮೇಲೆಯೇ. ಅಕ್ಕನ ಬಳಿ ಈಗ ಉಳಿದಿರುವುದು ಒಂದೇ ತೊಟ್ಟಿ ಮರಿ. ಇಂದು ಬೆಳಗ್ಗೆ ನೀರು ಅಳೆದವಳೇ ನಾನು ಅವಳಿಗೆ ಫೋನ್ ಮಾಡಿದೆ.

"ಏಳು ಪಾಯಿಂಟ್ ಏಳಿದೆ ಅಕ್ಕ. ಪಂಪ್ ನಿಲ್ಸು. ಮಧ್ಯಾಹ್ನ ಹಾಕು."

"ಇದನ್ನ ಹೇಳಿದ್ರೆ ನಿನ್ನ ಕೆಲಸ?"

"ಮೊದ್ಲು ನಿಲ್ಸು."

ಅತ್ತ ಪಂಪಿನ ಸದ್ದು ನಿಂತದ್ದು ನನಗೆ ಫೋನಿನಲ್ಲೇ ಕೇಳಿಸಿತು.

ಗೋಪ್ಯತೆಯ ಷರತ್ತನ್ನು ನಾನು ಮುರಿದಿದ್ದೇನೆ, ನಾಳೆಯೂ ಮುರಿಯುತ್ತೇನೆ. ಧಾರಾಳವಾಗಿ ಕ್ರಮ ಕೈಗೊಳ್ಳಿ. ಆದರೆ ಆರೋಪಪಟ್ಟಿಯಲ್ಲಿ ನಾನು ಬಯಲು ಮಾಡಿದ ಅಂಕಿಯನ್ನು ನಮೂದಿಸಬೇಕಾಗುತ್ತದೆ. ಎಂಟು ಎಂದು ಬರೆದರೆ ಅದು ತಮ್ಮ ಬೋರ್ಡಿನಲ್ಲೇ ಇದೆ, ನಾನು ಯಾವ ಗುಟ್ಟನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ. ನನ್ನನ್ನು ಮನೆಗೆ ಕಳಿಸಬೇಕಿದ್ದರೆ ತಾವು ತಮ್ಮ ಕೈಯಾರೆ 7.7 ಎಂದು ಬರೆದು, ಕೆಳಗೆ ಸಹಿ ಹಾಕಲೇಬೇಕು.

ಇಂತಿ,
ಈ ಬಹಿರಂಗ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ತನಕವಾದರೂ ನೌಕರಿಯಲ್ಲಿರುವ,
ಒಬ್ಬ ಸಾಗರ ವಿಜ್ಞಾನಿ