ತೆಗೆಸಿದ ಹೆಸರು

ರೀ ನವಾಫ್,

ಚಾರಣ ಬಳಗದವರ ಜೊತೆ ಅಜ್ಲೂನ್ ಬೆಟ್ಟಕ್ಕೆ ಹೊರಟಿದ್ದೇನೆ. ಫೋನ್ ಮಾಡಿ ವಾಪಸ್ ಕರೆಯಬೇಡಿ, ಬರುವುದಿಲ್ಲ.

ಬೇಳೆ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡರೆ ಸಾಕು. ನಮಾಜಿಗೆ ಹೋಗುವ ಮುನ್ನ ಅತ್ತೆಗೆ ಬಿಪಿ ಮಾತ್ರೆ ಕೊಡಿ. ಖಾಲಿ ಹೊಟ್ಟೆಗೆ ಕೊಡಬೇಡಿ.

ನಿನ್ನೆ ಬಳಗದ ರಿಹಾಬ್ ಸಿಕ್ಕಿದ್ದಳು. "ನಿನ್ನ ಗಂಡ ಫೋನ್ ಮಾಡಿ ನಾಳೆ ಚಾರಣದ ಪಟ್ಟಿಯಿಂದ ನಿನ್ನ ಹೆಸರು ತೆಗೆಸಿದ್ರಲ್ಲ ತಮಾದಿರ್, ಹುಷಾರಿಲ್ವಾ?" ಅಂದಳು. ನನಗೆ ಗೊತ್ತೇ ಇರಲಿಲ್ಲ.

ಹೋದ ವಸಂತದಲ್ಲಿ ಅದೇ ಬೆಟ್ಟದ ಬಂಡೆಯ ಮೇಲೆ ಜಾರಿ ಕೈ ಮುರಿದುಕೊಂಡೆ, ನಿಜ. ಅಂದಿನಿಂದ ಮನೆಗೆ ಬಂದವರಿಗೆಲ್ಲ, "ನಮ್ಮನೆಯವಳು ಬೆಟ್ಟ ಹತ್ತೋಕಲ್ಲ, ಬೀಳೋಕೆ ಹೋಗ್ತಾಳೆ" ಅಂತ ಹೇಳಿ ನಗಿಸಿದಿರಿ. ನಾನೂ ನಕ್ಕೆ. ಇನ್ನು ನಗುವುದಿಲ್ಲ.

ಹೆಸರನ್ನು ಮತ್ತೆ ಬರೆಸಿದೆ. "ಹಾಗಾದ್ರೆ ಈ ಸಲ ಮುಂದೆ ನೀನೇ ನಡಿ, ದಾರಿ ನಿಂಗೇ ಚೆನ್ನಾಗಿ ಗೊತ್ತು" ಅಂದಳು ರಿಹಾಬ್. ಒಪ್ಪಿಕೊಂಡೆ. ಭಯವಿದೆ. ಆದರೂ ಇವತ್ತು ಎಲ್ಲರನ್ನೂ ನಾನು ಬಿದ್ದ ಆ ಬಂಡೆ ದಾಟಿಸುವವಳು ನಾನೇ.

ನಿಮ್ಮ ಹಳೇ ಬೂಟು ಅಟ್ಟದಿಂದ ಇಳಿಸಿ ಬಾಗಿಲ ಬಳಿ ಇಟ್ಟಿದ್ದೇನೆ. ಮುಂದಿನ ಶುಕ್ರವಾರ ಬರುವುದಾದರೆ ಬನ್ನಿ. ನನ್ನ ಹಿಂದೆ ನಡೆಯಬೇಕು, ಅಷ್ಟೇ.

ತಮಾದಿರ್